ಕಣಜದ ಕಾಳು, ಅಂಗಳದ ಕಾಳು



ನಮ್ಮ ಕಡೆ ಏಳನೇ ತಿಂಗಳಲ್ಲಿ ಬಸುರಿಗೆ ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಆರತಿ ಎತ್ತುತ್ತಾರೆ. ಒಳಗಿರುವುದು ಹೆಣ್ಣುಕೂಸು ಅಂತಿಟ್ಟುಕೊಳ್ಳಿ. ಹೊರಗೆ ತಾಯಿಗೆ ಸೀಮಂತ ನಡೆಯುವ ಹೊತ್ತಿಗೆ ಆ ಕೂಸಿನ ಮೈಯಲ್ಲಿ ಒಂದು ಲೆಕ್ಕ ತನ್ನ ತುತ್ತತುದಿ ಮುಟ್ಟಿ, ಇಳಿಯಲು ಶುರುವಾಗಿ ಆಗಲೇ ಎರಡು ತಿಂಗಳಾಗಿರುತ್ತದೆ. ಐದನೇ ತಿಂಗಳ ಸುಮಾರಿಗೆ ಅದರ ಎರಡೂ ಅಂಡಾಶಯಗಳಲ್ಲಿ ಸೇರಿ 60ರಿಂದ 70 ಲಕ್ಷ ಅಂಡಾಣುಗಳಿರುತ್ತವೆ. ಆಮೇಲೆ ಅವಳು ಎಷ್ಟೇ ವರ್ಷ ಬಾಳಲಿ, ಏನೇ ಉಣ್ಣಲಿ, ಅಷ್ಟು ಅಂಡಗಳು ಮತ್ತೆಂದೂ ಅವಳಲ್ಲಿ ಇರುವುದಿಲ್ಲ. ಹುಟ್ಟುವಾಗ ಉಳಿದಿರುವುದು 10ರಿಂದ 20 ಲಕ್ಷ. ದೊಡ್ಡವಳಾಗುವ ಹೊತ್ತಿಗೆ 3ರಿಂದ 4 ಲಕ್ಷ. 37ರ ಪ್ರಾಯಕ್ಕೆ ಸುಮಾರು 25 ಸಾವಿರ. ಮುಟ್ಟು ನಿಲ್ಲುವಾಗ ಸಾವಿರದ ಆಸುಪಾಸು.

ಈ ಅಂಕಿಗಳನ್ನು ಕೇಳಿ ಯಾರೂ ಗಾಬರಿಯಾಗಬೇಡಿ. ನಾನು ಹೇಳಿದ್ದು ಯಾವ ರೋಗದ ಕತೆಯೂ ಅಲ್ಲ. ಗಟ್ಟಿಮುಟ್ಟಾಗಿರುವ, ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗುವ, ಮೂರು ಹೆತ್ತು ಮೂವರನ್ನೂ ಬೆಳೆಸಿದ ಹೆಂಗಸಿನ ಲೆಕ್ಕವೂ ಇದೇ.

ಎಣಿಸಿದ್ದು ಹೇಗೆ ಎಂಬ ಪ್ರಶ್ನೆ ಬರಬೇಕು. ಜೀವಂತ ಹೆಂಗಸಿನ ಅಂಡಾಶಯದಲ್ಲಿ ಇದನ್ನು ಎಣಿಸಲು ಸಾಧ್ಯವಿಲ್ಲ. ನಿದ್ದೆಯಲ್ಲಿರುವ ಅಂಡಕೋಶಿಕೆ, ಅಂದರೆ ಅಂಡವನ್ನು ಸುತ್ತಿಕೊಂಡಿರುವ ಪುಟ್ಟ ಚೀಲ, ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲಿಗಿಂತಲೂ ಸಣ್ಣದು. ಯಾವ ಸ್ಕ್ಯಾನಿಂಗ್ ಯಂತ್ರಕ್ಕೂ ಅದು ಕಾಣದು. ಸ್ವೀಡನ್ನಿನ ಎರಿಕ್ ಬ್ಲಾಕ್ 1950ರ ಆಸುಪಾಸಿನಲ್ಲಿ ಮರಣೋತ್ತರ ಪರೀಕ್ಷೆಯಲ್ಲಿ ದೊರೆತ ಅಂಡಾಶಯಗಳನ್ನು ತೆಳ್ಳಗೆ ಹಪ್ಪಳದಂತೆ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಕೂತು ಎಣಿಸಿದರು. 1963ರಲ್ಲಿ ಬೇಕರ್ ಎಂಬವರು ಭ್ರೂಣಗಳ ಅಂಡಾಶಯಗಳಲ್ಲಿ ಇದೇ ಕೆಲಸ ಮಾಡಿದರು. ನಾವು ಪಾಠದಲ್ಲಿ ಒಂದೇ ಉಸಿರಿಗೆ ಒಪ್ಪಿಸುವ ಎಪ್ಪತ್ತು ಲಕ್ಷದ ಹಿಂದೆ ಇಂಥ ಕಣ್ಣುನೋವಿನ ದುಡಿಮೆ ಇದೆ. ಎಣಿಸುವ ರೀತಿ ಬದಲಾದರೆ ಅಂಕಿಯೂ ಬದಲಾಗುತ್ತದೆ. ಹಾಗಾಗಿ ಎರಡು ಪುಸ್ತಕಗಳಲ್ಲಿ ಎರಡು ಸಂಖ್ಯೆ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ. ಇಳಿಜಾರಿನ ಬಗ್ಗೆ ಮಾತ್ರ ಯಾರಿಗೂ ತಕರಾರಿಲ್ಲ.

ಹೊಸ ಅಂಡ ಹುಟ್ಟುವುದಿಲ್ಲವೇ? ಗಂಡಸಿನಲ್ಲಿ ವೀರ್ಯಾಣು ಮುಪ್ಪಿನವರೆಗೂ ದಿನದಿನ ಹುಟ್ಟುತ್ತಲೇ ಇರುತ್ತದಲ್ಲ. 1951ರಲ್ಲಿ ಇಂಗ್ಲೆಂಡಿನ ಸಾಲಿ ಜ಼ುಕರ್‌ಮನ್ ಅಂದಿನವರೆಗಿನ ಸಾಕ್ಷ್ಯವನ್ನೆಲ್ಲ ಗುಡ್ಡೆಹಾಕಿ ನೋಡಿ, ಹೆಣ್ಣಿನಲ್ಲಿ ಹುಟ್ಟಿದ ಮೇಲೆ ಹೊಸ ಅಂಡ ಬರುವುದಿಲ್ಲ ಎಂದರು. 2004ರಲ್ಲಿ ಅಮೆರಿಕದ ಜೊನಾಥನ್ ಟಿಲಿ ಮತ್ತವರ ಸಂಗಡಿಗರು ಇಲಿಗಳ ಮೇಲಿನ ಪ್ರಯೋಗ ತೋರಿಸಿ ಇದನ್ನು ಪ್ರಶ್ನಿಸಿದರು. ದೊಡ್ಡ ಗದ್ದಲವಾಯಿತು. ಮನುಷ್ಯರಲ್ಲಿ ಅದು ಇಂದಿಗೂ ಸಾಬೀತಾಗಿಲ್ಲ. ‘ಅಂಡಾಶಯಕ್ಕೆ ಮತ್ತೆ ಯೌವನ ತರಿಸುತ್ತೇವೆ’ ಎಂಬ ಜಾಹೀರಾತು ಕಂಡಾಗ ಈ ಮಾತು ನಿಮ್ಮ ನೆನಪಿನಲ್ಲಿರಲಿ.

ನನ್ನ ಅಜ್ಜಿಯ ಮನೆಯಲ್ಲಿ ರಾಗಿ ತುಂಬುವ ಕಣಜವಿತ್ತು. ಮೇಲೆ ಮುಚ್ಚಿ ಸೆಗಣಿ ಬಳಿದುಬಿಟ್ಟರೆ ಒಳಗೆ ಎಷ್ಟಿದೆ ಎಂದು ತಿಳಿಯುವಂತಿರಲಿಲ್ಲ. ಅಡಿಯ ಕಿಂಡಿಯಿಂದ ಬೇಕಾದಷ್ಟು ಬಿಟ್ಟುಕೊಂಡು, ಅಂಗಳದಲ್ಲಿ ಹರವಿ, ಕೇರಿ, ಬೀಸಲು ಒಯ್ಯುತ್ತಿದ್ದರು. ಅಂಡಾಶಯವೂ ಇಂಥದ್ದೇ ಒಂದು ಕಣಜ. ಸುಗ್ಗಿ ಒಂದೇ ಸಲ, ಅದೂ ತಾಯ ಹೊಟ್ಟೆಯಲ್ಲಿ. ಆಮೇಲೆ ದಿನವೂ ಒಂದಿಷ್ಟು ಕೋಶಿಕೆಗಳು ನಿದ್ದೆಯಿಂದ ಎದ್ದು ಕಿಂಡಿಯಿಂದ ಹೊರಬೀಳುತ್ತವೆ. ಹೀಗೆ ಎದ್ದದ್ದು ಬಲಿತು ಬಿಡುಗಡೆಯಾಗುವ ಹಂತ ಮುಟ್ಟಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಈ ಯುಗಾದಿಗೆ ಬಿಡುಗಡೆಯಾಗುವ ಅಂಡ ಹೆಚ್ಚುಕಡಿಮೆ ಹೋದ ಯುಗಾದಿಗೆ ಹೊರಟದ್ದು. ಜೊತೆಗೆ ಹೊರಟ ನೂರಾರು ದಾರಿಯಲ್ಲೇ ಒಣಗಿ ಕರಗಿಹೋಗುತ್ತವೆ. ಜೀವಮಾನದಲ್ಲಿ ಬಲಿತು ಹೊರಬರುವುದು 400ರಿಂದ 450. ಮೂರು ಲಕ್ಷದಲ್ಲಿ ನಾನೂರು!

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಮುಟ್ಟಾದಾಗಲೆಲ್ಲ ಒಂದು ಅಂಡ ಖರ್ಚು, ಆದ್ದರಿಂದ ಮುಟ್ಟು ನಿಲ್ಲಿಸಿದರೆ ಅಂಡ ಉಳಿತಾಯ ಎಂದು ಬಹಳ ಜನ ಭಾವಿಸುತ್ತಾರೆ. ಹಬ್ಬಕ್ಕೆ, ಮದುವೆಗೆ, ತಿರುಪತಿ ಯಾತ್ರೆಗೆ ಅಂತ ಮಾತ್ರೆ ನುಂಗಿ ಮುಟ್ಟು ಮುಂದೂಡುವವರಿದ್ದಾರೆ. ವರ್ಷಗಟ್ಟಲೆ ಗರ್ಭನಿರೋಧಕ ಮಾತ್ರೆ ತೆಗೆದುಕೊಂಡವರಿದ್ದಾರೆ. ಹತ್ತು ಹೆತ್ತು, ಬಸಿರು ಬಾಣಂತನದಲ್ಲೇ ಹತ್ತು ಹದಿನೈದು ವರ್ಷ ಮುಟ್ಟು ಕಾಣದ ಅಜ್ಜಿಯರೂ ಇದ್ದರು. ಯಾರಿಗೂ ಹೇಳಿಕೊಳ್ಳುವಂಥ ಉಳಿತಾಯವಾಗಲಿಲ್ಲ. ಖರ್ಚಾಗುವುದು ಬಿಡುಗಡೆಯಾದ ಆ ಒಂದರಿಂದಲ್ಲ, ಕರಗುವ ನೂರಾರರಿಂದ. ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅನ್ನುತ್ತೇವೆ. ಈ ಕುಡಿಕೆಯಾದರೋ ದುಡಿದವಳಿಗೂ ಅಷ್ಟೇ, ಕೂತವಳಿಗೂ ಅಷ್ಟೇ.

ಇನ್ನು, ಮೂವತ್ತೈದು ದಾಟಿದರೆ ಆಯಿತು ಎಂಬ ಮಾತು. 1992ರಲ್ಲಿ ಫ್ಯಾಡಿ ಮತ್ತು ಸಂಗಡಿಗರು ಹಳೆಯ ಎಣಿಕೆಗಳನ್ನೆಲ್ಲ ಸೇರಿಸಿ ಗಣಿತ ಹಾಕಿ, ಮೂವತ್ತೇಳೂವರೆಯ ಸುಮಾರಿಗೆ ಇಳಿಕೆ ಇದ್ದಕ್ಕಿದ್ದಂತೆ ಇಮ್ಮಡಿ ಚುರುಕಾಗುತ್ತದೆ ಎಂದರು. ಅದು ಎಲ್ಲ ಕಡೆ ಹರಡಿತು. ಆದರೆ 2008ರಲ್ಲಿ ಅಮೆರಿಕದ ಹ್ಯಾನ್ಸೆನ್ ಮತ್ತವರ ಜೊತೆಗಾರರು 122 ಹೆಂಗಸರ ಅಂಡಾಶಯಗಳನ್ನು ಹೊಸ ರೀತಿಯಲ್ಲಿ ಎಣಿಸಿದಾಗ ಅಂಥ ತಿರುವು ಕಾಣಿಸಲಿಲ್ಲ. ಇರುವುದು ಬರಬರುತ್ತ ಕಡಿದಾಗುವ ಇಳಿಜಾರು, ಮೆಟ್ಟಿಲಲ್ಲ. ಮೂವತ್ತೈದನೇ ಹುಟ್ಟುಹಬ್ಬದ ಬೆಳಿಗ್ಗೆ ಯಾವ ಬಾಗಿಲೂ ಮುಚ್ಚುವುದಿಲ್ಲ. ಮೂವತ್ತನಾಲ್ಕರಲ್ಲಿ ಎಲ್ಲವೂ ಹಾಗೆಯೇ ಇತ್ತು ಎಂದೂ ಅಲ್ಲ.

ಇದಕ್ಕಿಂತ ನನ್ನನ್ನು ಯೋಚನೆಗೆ ಹಚ್ಚಿದ್ದು ಬೇರೊಂದು ಅಂಕಿ. 2010ರಲ್ಲಿ ಸ್ಕಾಟ್ಲೆಂಡಿನ ವಾಲೇಸ್ ಮತ್ತು ಕೆಲ್ಸಿ ಎಂಬ ಇಬ್ಬರು ಇಂಥ ಎಣಿಕೆಗಳನ್ನು ಮತ್ತೆ ಒಟ್ಟುಗೂಡಿಸಿದರು. ಅವರ ಪ್ರಕಾರ ಹುಟ್ಟುವ ಮುಂಚಿನ ಗರಿಷ್ಠ ಸಂಗ್ರಹದಲ್ಲಿ ಮೂವತ್ತಕ್ಕೆ ಉಳಿಯುವುದು ಸರಾಸರಿ ನೂರಕ್ಕೆ ಹನ್ನೆರಡು, ನಲವತ್ತಕ್ಕೆ ನೂರಕ್ಕೆ ಮೂರು. ಪತ್ರಿಕೆಗಳು ಇದನ್ನೇ ಎತ್ತಿಕೊಂಡವು. ಅದೇ ಲೇಖನದಲ್ಲಿದ್ದ ಇನ್ನೊಂದು ಮಾತನ್ನು ಯಾರೂ ಕೇಳಲಿಲ್ಲ. ಆ ಗರಿಷ್ಠ ಸಂಗ್ರಹ ಒಂದು ಅಂಡಾಶಯಕ್ಕೆ ಸರಾಸರಿ 3 ಲಕ್ಷ (ಎಣಿಸುವ ರೀತಿ ಬೇರೆಯಾದ್ದರಿಂದ ಮೊದಲು ಹೇಳಿದ ಅಂಕಿಗಿಂತ ಇದು ಬಹಳ ಕಡಿಮೆ). ಆದರೆ ಒಬ್ಬಳಿಂದ ಒಬ್ಬಳಿಗೆ ಅದು 35 ಸಾವಿರದಿಂದ 25 ಲಕ್ಷದವರೆಗೆ ಇರಬಹುದು. ಎಪ್ಪತ್ತು ಪಟ್ಟು ವ್ಯತ್ಯಾಸ! ಅಕ್ಕಪಕ್ಕದ ಬೆಂಚಿನಲ್ಲಿ ಕೂತು ಓದಿದ ಇಬ್ಬರು ಗೆಳತಿಯರಲ್ಲಿ ಒಬ್ಬಳ ಕಣಜ ಗುಡಾಣದಷ್ಟು, ಇನ್ನೊಬ್ಬಳದು ಚೊಂಬಿನಷ್ಟು. ಇಬ್ಬರೂ ಆರೋಗ್ಯವಂತರೇ. ಸರಾಸರಿ ಎಂಬ ಹೆಂಗಸು ನನ್ನ ಚಿಕಿತ್ಸಾಲಯಕ್ಕೆ ಇದುವರೆಗೂ ಬಂದಿಲ್ಲ.

ಹೋದ ವರ್ಷ ಒಬ್ಬ ಹುಡುಗಿ ತಾಯಿಯ ಜೊತೆ ಬಂದಿದ್ದಳು. ಮೂವತ್ತೆರಡು ವಯಸ್ಸು, ಬೆಂಗಳೂರಿನಲ್ಲಿ ಕೆಲಸ, ಮದುವೆಯಾಗಿರಲಿಲ್ಲ. ಮುಟ್ಟು ಸರಿಯಾಗಿತ್ತು, ಬೇರೆ ತೊಂದರೆಯೂ ಇರಲಿಲ್ಲ. ಮೈ ಪೂರ್ತಿ ತಪಾಸಣೆಯ ಯಾವುದೋ ಪ್ಯಾಕೇಜಿನಲ್ಲಿ ಎಎಂಎಚ್ ಎಂಬ ರಕ್ತಪರೀಕ್ಷೆಯೂ ಸೇರಿತ್ತು. ಫಲಿತಾಂಶ 0.6. ಆ ಅಂಕಿಯನ್ನು ಕೆಂಪಕ್ಷರದಲ್ಲಿ ಮುದ್ರಿಸಿ, ಕೆಳಗೆ ‘ತಡಮಾಡದೆ ತಜ್ಞರನ್ನು ಕಾಣಿ’ ಎಂದು ಬರೆದಿತ್ತು.

“ಮೊಟ್ಟೆ ಎಲ್ಲಾ ಖಾಲಿ ಆಗೋಗಿದೆಯಂತೆ ಡಾಕ್ಟ್ರಮ್ಮ,” ಎಂದರು ತಾಯಿ. “ಗಂಡಿನ ಕಡೆಯವರಿಗೆ ಏನಂತ ಹೇಳೋದು?”

ಹುಡುಗಿ ಮಾತಾಡಲಿಲ್ಲ. ರಾತ್ರಿಯೆಲ್ಲ ಮೊಬೈಲಿನಲ್ಲಿ ಓದಿ ಕಣ್ಣು ಊದಿಸಿಕೊಂಡಿದ್ದಳು.

ಈ ಎಎಂಎಚ್‌ನ ಹುಟ್ಟೇ ಒಂದು ಸೋಜಿಗ. 1940ರ ದಶಕದಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಯೋಸ್ಟ್ ಮೊಲದ ಭ್ರೂಣಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಗಂಡಾಗಲಿ ಹೆಣ್ಣಾಗಲಿ, ಪ್ರತಿ ಭ್ರೂಣದಲ್ಲೂ ಮೊದಮೊದಲು ಗರ್ಭಕೋಶವಾಗಬಲ್ಲ ಒಂದು ಜೋಡಿ ನಾಳಗಳಿರುತ್ತವೆ. ಜರ್ಮನಿಯ ಯೋಹಾನೆಸ್ ಮ್ಯುಲರ್ ವಿವರಿಸಿದ್ದರಿಂದ ಅವಕ್ಕೆ ಅವರದೇ ಹೆಸರು. ಗಂಡು ಭ್ರೂಣದಲ್ಲಿ ಆ ನಾಳ ಅಳಿಸಿಹೋಗುತ್ತದೆ. ಅಳಿಸುವುದು ಗಂಡಿನ ಹಾರ್ಮೋನಾದ ಟೆಸ್ಟೋಸ್ಟಿರಾನ್ ಅಲ್ಲ, ವೃಷಣದಿಂದಲೇ ಬರುವ ಮತ್ತೊಂದು ವಸ್ತು ಎಂದು ಯೋಸ್ಟ್ ತೋರಿಸಿಕೊಟ್ಟರು. ಅದನ್ನು ಬೆನ್ನುಹತ್ತಿ ದಶಕಗಳ ಕಾಲ ದುಡಿದವರು ನತಾಲಿ ಜೊಸೊ ಎಂಬ ಮಹಿಳೆ. ಮ್ಯುಲರ್ ನಾಳದ ವಿರೋಧಿ ಹಾರ್ಮೋನು, ಅದೇ ಎಎಂಎಚ್. ಗಂಡಿನಲ್ಲಿ ಗರ್ಭಕೋಶದ ಗುರುತು ಅಳಿಸುವ ಈ ವಸ್ತುವೇ, ಹುಟ್ಟಿದ ಮೇಲೆ ಹೆಣ್ಣಿನ ಅಂಡಾಶಯದಲ್ಲೂ ತಯಾರಾಗುತ್ತದೆ ಎಂದು ಆಮೇಲೆ ಗೊತ್ತಾಯಿತು. ಅಲ್ಲಿ ಅದರ ಕೆಲಸ ಕಾವಲು. ಇಲಿಗಳಲ್ಲಿ ನೋಡಿದಂತೆ, ಮಲಗಿರುವ ಕೋಶಿಕೆಗಳು ಒಟ್ಟೊಟ್ಟಿಗೆ ಎದ್ದು ಬರದಂತೆ ಅದು ತಡೆಯುತ್ತದೆ. ಈ ಹಾರ್ಮೋನು ಇಲ್ಲದ ಇಲಿಗಳ ಕಣಜ ಬೇಗ ಬರಿದಾಗುತ್ತದೆ.

ಆದರೆ ಎಎಂಎಚ್ ಹುಟ್ಟುವುದು ಕಣಜದೊಳಗೆ ಮಲಗಿರುವ ಕಾಳಿನಿಂದಲ್ಲ. ಎದ್ದು ಅಂಗಳಕ್ಕೆ ಬಂದ, ಇನ್ನೂ ಸಣ್ಣಗಿರುವ ಕೋಶಿಕೆಗಳಿಂದ. ಸ್ಕ್ಯಾನಿಂಗಿನಲ್ಲಿ ಡಾಕ್ಟರು ಎಣಿಸುವ ಕಪ್ಪು ಚುಕ್ಕೆಗಳೂ ಅಂಗಳದವೇ, 2ರಿಂದ 10 ಮಿಲಿಮೀಟರಿನವು. ಅಂಗಳದಲ್ಲಿ ಹರವಿದ್ದನ್ನು ನೋಡಿ ಕಣಜ ಎಷ್ಟಿರಬಹುದು ಎಂದು ಅಂದಾಜು ಮಾಡುತ್ತೇವೆ, ಅಷ್ಟೇ. ತುಂಬಿದ ಮನೆಯಲ್ಲಿ ಅಂಗಳವೂ ತುಂಬಿರುತ್ತದೆ ಎಂಬ ಲೆಕ್ಕಾಚಾರ. ಬಹುಮಟ್ಟಿಗೆ ಅದು ಸರಿಯೇ. ಎಡವುವ ಜಾಗವೂ ಇದೆ. ಹುಟ್ಟಿನಿಂದ ಕಣಜ ಇಳಿಯುತ್ತಲೇ ಇದ್ದರೂ ರಕ್ತದಲ್ಲಿ ಎಎಂಎಚ್ ಇಪ್ಪತ್ತೈದರವರೆಗೆ ಏರಿ ಆಮೇಲೆ ಇಳಿಯುತ್ತದೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಂಕಿ ಸುಳ್ಳೇ ಕಡಿಮೆ ಬರುತ್ತದೆ. ಪಿಸಿಓಡಿ ಇದ್ದವರಲ್ಲಿ ಸಣ್ಣ ಕೋಶಿಕೆಗಳು ಬಲಿಯದೆ ಅಂಗಳದಲ್ಲೇ ಗುಂಪುಗೂಡುವುದರಿಂದ ಅಂಕಿ ಹೆಚ್ಚು ಬರುತ್ತದೆ. ಹಾಗೆ ಬಂದದ್ದನ್ನು ‘ನಿಮ್ಮದು ಬಹಳ ಚೆನ್ನಾಗಿದೆ’ ಎಂದು ಹೊಗಳಿ ಕಳಿಸಿದ್ದನ್ನೂ ನಾನು ಕಂಡಿದ್ದೇನೆ.

ವಯಸ್ಸಾದಂತೆ ಇಳಿಯುವುದನ್ನು ಆರೋಗ್ಯವಂತರಲ್ಲೇ ನೋಡಿದವರು ನೆದರ್‌ಲ್ಯಾಂಡ್ಸಿನ ವೈದ್ಯರು. ಮಕ್ಕಳಾಗಿದ್ದ, ಯಾವ ತೊಂದರೆಯೂ ಇಲ್ಲದ 81 ಹೆಂಗಸರನ್ನು ಸುಮಾರು ನಾಲ್ಕು ವರ್ಷಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ಮುಟ್ಟಿನ ಎರಡು ಮೂರನೇ ದಿನ ನೋಡುವ ಎಫ್‌ಎಸ್‌ಎಚ್ ಮುಂತಾದ ಹಳೆಯ ಪರೀಕ್ಷೆಗಳಿಗಿಂತ ಎಎಂಎಚ್ ಈ ಇಳಿಕೆಯನ್ನು ಚೆನ್ನಾಗಿ ಹಿಡಿಯಿತು. ಪರೀಕ್ಷೆ ಒಳ್ಳೆಯದೇ. ಅದಕ್ಕೆ ಕೇಳಬಾರದ ಪ್ರಶ್ನೆ ಕೇಳುತ್ತಿರುವುದು ನಾವು.

ಆ ಹುಡುಗಿಯ ಪ್ರಶ್ನೆ ಒಂದೇ: ನನಗೆ ಮಕ್ಕಳಾಗುತ್ತವಾ? ಇದಕ್ಕೆ ಉತ್ತರ ಹುಡುಕಿದ ಒಂದು ಅಧ್ಯಯನ 2017ರಲ್ಲಿ ಬಂತು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಆನ್ ಸ್ಟೈನರ್ ಮತ್ತು ಸಂಗಡಿಗರು 30ರಿಂದ 44 ವಯಸ್ಸಿನ, ಆಗತಾನೆ ಮಗುವಿಗಾಗಿ ಪ್ರಯತ್ನ ಶುರುಮಾಡಿದ್ದ, ಬಂಜೆತನದ ಹಿನ್ನೆಲೆಯಿಲ್ಲದ 750 ಹೆಂಗಸರನ್ನು ಹಿಂಬಾಲಿಸಿದರು. ವಯಸ್ಸು ಮುಂತಾದ ವ್ಯತ್ಯಾಸಗಳನ್ನು ಸರಿದೂಗಿಸಿ ಲೆಕ್ಕ ಹಾಕಿದಾಗ, ಎಎಂಎಚ್ 0.7ಕ್ಕಿಂತ ಕಡಿಮೆಯಿದ್ದವರಲ್ಲಿ ಹನ್ನೆರಡು ಮುಟ್ಟಿನೊಳಗೆ ಬಸಿರಾಗುವ ಸಾಧ್ಯತೆ ನೂರಕ್ಕೆ 84. ಸಾಕಷ್ಟಿದ್ದವರಲ್ಲಿ ನೂರಕ್ಕೆ 75. ಈ ಅಂತರ ಕಾಕತಾಳೀಯವೆನ್ನುವಷ್ಟೇ, ಕಡಿಮೆಯಿದ್ದವರೇ ವಾಸಿ ಎಂದೇನೂ ಅಲ್ಲ. ಹಿಂದೆ ಬೀಳಲಿಲ್ಲ ಎಂಬುದು ಮುಖ್ಯ. ತಿಂಗಳಿಗೆ ಬಸಿರಾಗಲು ಬೇಕಾದದ್ದು ಒಂದೇ ಅಂಡವಲ್ಲವೇ? ಅಂಗಳದಲ್ಲಿ ಮೂರಿದ್ದರೂ ಮೂವತ್ತಿದ್ದರೂ ಬಲಿಯುವುದು ಒಂದೇ. ಅಮೆರಿಕದ ಸ್ತ್ರೀರೋಗ ತಜ್ಞರ ಕಾಲೇಜು 2019ರಲ್ಲಿ, ಬಂಜೆತನದ ದೂರಿಲ್ಲದ ಹೆಂಗಸರಿಗೆ ಭವಿಷ್ಯ ಹೇಳಲು ಈ ಪರೀಕ್ಷೆ ಬಳಸಬೇಡಿ ಎಂದೇ ಸಲಹೆ ಕೊಟ್ಟಿತು.

ಹಾಗಾದರೆ ಇದು ಬೇಕಾಗುವುದು ಯಾರಿಗೆ? ಐವಿಎಫ್ ಮಾಡಿಸುವವರಿಗೆ. ಅಲ್ಲಿ ಇಂಜೆಕ್ಷನ್ ಕೊಟ್ಟು ಅಂಗಳದ ಅಂಡಗಳನ್ನೆಲ್ಲ ಒಟ್ಟಿಗೆ ಬಲಿಸಬೇಕು. ಎಷ್ಟು ಸಿಕ್ಕೀತು, ಮದ್ದಿನ ಪ್ರಮಾಣ ಎಷ್ಟಿರಬೇಕು ಎಂದು ಎಎಂಎಚ್ ಹೇಳಬಲ್ಲದು. ಕ್ಯಾನ್ಸರಿಗೆ ಕಿಮೋ ತೆಗೆದುಕೊಳ್ಳಲಿರುವ ಎಳೆಯ ಹೆಂಗಸರಿಗೂ ಉಪಯೋಗಕ್ಕೆ ಬರುತ್ತದೆ.

ಇಷ್ಟು ಹೇಳಿ ನಾನು ಸುಮ್ಮನಾದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಕಾಳು ಎಷ್ಟು ಎಂಬುದು ಒಂದು ಮಾತು, ಕಾಳು ಹೇಗಿದೆ ಎಂಬುದು ಇನ್ನೊಂದು. ಅಂಡಾಣು ತಾಯ ಹೊಟ್ಟೆಯಲ್ಲಿದ್ದಾಗಲೇ ವಿಭಜನೆ ಶುರುಮಾಡಿ ಅರ್ಧದಲ್ಲಿ ನಿಂತುಬಿಡುತ್ತದೆ. ಉಳಿದರ್ಧ ಮುಂದುವರಿಯುವುದು ಅದು ಬಿಡುಗಡೆಯಾಗುವ ಹೊತ್ತಿಗೆ, ಅಂದರೆ ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ಮೇಲೆ. ಅಲ್ಲಿಯತನಕ ಅದರ ವರ್ಣತಂತುಗಳು ಜೋಡಿಜೋಡಿಯಾಗಿ ಅಪ್ಪಿಕೊಂಡೇ ಕಾಯಬೇಕು. ಅವನ್ನು ಹಿಡಿದಿಡುವ ಪ್ರೋಟೀನಿನ ಬಳೆಗಳು ವರ್ಷ ಕಳೆದಂತೆ ಸಡಿಲವಾಗುತ್ತವೆ. ಆಗ ಪಾಲಾಗುವಾಗ ತಪ್ಪು ಪಾಲಾಗುತ್ತದೆ. 25ರ ತಾಯಿಗೆ ಡೌನ್ ಸಿಂಡ್ರೋಮ್ ಮಗು ಹುಟ್ಟುವ ಸಂಭವ ಸುಮಾರು 1,250ಕ್ಕೆ ಒಂದು, 35ಕ್ಕೆ ಸುಮಾರು 350ಕ್ಕೆ ಒಂದು, 40ಕ್ಕೆ 100ಕ್ಕೆ ಒಂದು. ನಾರ್ವೆ ದೇಶದ ದಾಖಲೆಗಳನ್ನು ನೋಡಿ 2019ರಲ್ಲಿ ಬರೆದವರ ಪ್ರಕಾರ ಗರ್ಭಪಾತದ ಸಂಭವ 25ರಿಂದ 29ರ ನಡುವೆ ನೂರಕ್ಕೆ ಹತ್ತು, 45 ದಾಟಿದ ಮೇಲೆ ನೂರಕ್ಕೆ ಐವತ್ತಮೂರು. ಕಾಳಿನ ಈ ಗುಣವನ್ನು ಅಳೆಯುವ ರಕ್ತಪರೀಕ್ಷೆ ಇಲ್ಲ. ಅದಕ್ಕೆ ಇರುವ ಅಳತೆಗೋಲು ಜನ್ಮದಿನಾಂಕ ಒಂದೇ. ಆದ್ದರಿಂದ 0.6 ಇರುವ ಮೂವತ್ತೆರಡರವಳ ಅಂಡ, 3 ಇರುವ ನಲವತ್ತೆರಡರವಳ ಅಂಡಕ್ಕಿಂತ ಸಾಮಾನ್ಯವಾಗಿ ಗಟ್ಟಿ.

ನಮ್ಮ ಸರ್ಕಾರವೂ ಇದನ್ನು ಒಪ್ಪಿದೆ ಅನ್ನಬಹುದು. 2021ರ ಕಾಯಿದೆಯ ಪ್ರಕಾರ ಅಂಡದಾನ ಮಾಡುವವಳ ವಯಸ್ಸು 23ರಿಂದ 35ರೊಳಗಿರಬೇಕು. ಪಡೆಯುವವಳು 50ರವರೆಗೂ ಇರಬಹುದು. ಗರ್ಭಕೋಶ ಕಾಯುತ್ತದೆ, ಅಂಡ ಕಾಯುವುದಿಲ್ಲ.

“ನಮ್ಮಜ್ಜಿ ನಲವತ್ತೆರಡಕ್ಕೆ ಹೆತ್ತಿದ್ದಳಲ್ಲ?” ಎಂದು ಕೇಳುವವರಿದ್ದಾರೆ. ಹೌದು, ತಾಯಿ ಮಗಳು ಒಂದೇ ಮನೆಯಲ್ಲಿ ಒಟ್ಟಿಗೆ ಬಾಣಂತಿಯರಾಗಿದ್ದ ಕಾಲವದು. ಆದರೆ ಅಜ್ಜಿ ಹೆತ್ತದ್ದು ಎಂಟನೆಯದೋ ಹತ್ತನೆಯದೋ. ಮೂವತ್ತೈದಕ್ಕೇ ಬಸಿರು ನಿಂತುಹೋದ ಪಕ್ಕದ ಮನೆಯ ಅಜ್ಜಿಯ ಬಗ್ಗೆ ಯಾರೂ ಹೇಳುವುದಿಲ್ಲ. ಆಗಲೇ ಐದು ಮಕ್ಕಳಿದ್ದುದರಿಂದ ಅವಳಿಗೂ ಅದು ಗಮನಕ್ಕೆ ಬಂದಿರಲಿಕ್ಕಿಲ್ಲ. ಉತ್ತರ ಅಮೆರಿಕದಲ್ಲಿ ಹಟ್ಟರೈಟ್ ಎಂಬ ಕ್ರೈಸ್ತ ಪಂಗಡದವರು ಗರ್ಭನಿರೋಧ ಒಪ್ಪುತ್ತಿರಲಿಲ್ಲ. ಹೆರಿಗೆಯ ಲೆಕ್ಕ ಚೆನ್ನಾಗಿ ಇಟ್ಟಿದ್ದರು. 1957ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಕೊನೆಯ ಹೆರಿಗೆಯ ಸರಾಸರಿ ವಯಸ್ಸು ನಲವತ್ತೊಂದರ ಹತ್ತಿರ. 34ರ ಮೇಲೆ ಹೆರದವರು ನೂರಕ್ಕೆ ಹನ್ನೊಂದು, 40ರ ಮೇಲೆ ಹೆರದವರು ಮೂವತ್ತಮೂರು, 45ರ ಮೇಲೆ ಎಂಬತ್ತೇಳು. ಮುಟ್ಟು ಇರುತ್ತದೆ, ಮಗು ನಿಲ್ಲುವುದಿಲ್ಲ. ಮುಟ್ಟು ನಿಲ್ಲುವ ಹತ್ತು ವರ್ಷ ಮೊದಲೇ ಹೀಗಾಗುವುದು ವಾಡಿಕೆ. ಹೊರಗೆ ಕಾಣುವ ಗುರುತು ಏನಾದರೂ ಇದ್ದರೆ, ಮೂವತ್ತೆಂಟು ನಲವತ್ತರ ಮೇಲೆ ಇಪ್ಪತ್ತೊಂಬತ್ತು ದಿನಕ್ಕೆ ಬರುತ್ತಿದ್ದದ್ದು ಇಪ್ಪತ್ತಾರಕ್ಕೇ ಬರುವುದು. “ತಿಂಗಳು ತುಂಬೋ ಮುಂಚೇನೇ ಆಗ್ತಿದೆ” ಅನ್ನುತ್ತಾರೆ.

ಭಾರತದ ಹೆಂಗಸರಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46-47ಕ್ಕೆ. ಪಶ್ಚಿಮದ ದೇಶಗಳಲ್ಲಿ 51ಕ್ಕೆ. ಸ್ಪೇನಿನ ಹೆಂಗಸರಿಗಿಂತ ನಮ್ಮವರ ಅಂಡಾಶಯ ಆರು ವರ್ಷ ಮುಂಚೆ ಮುಪ್ಪಾಗುತ್ತದೆ ಎಂದು 2014ರ ಒಂದು ಅಧ್ಯಯನ ಹೇಳಿತು. ಅದರಲ್ಲಿದ್ದವರು ಚಿಕಿತ್ಸೆಗೆ ಬಂದವರು, ಹಾಗಾಗಿ ಎಲ್ಲ ಭಾರತೀಯರಿಗೂ ಅದನ್ನು ಅಂಟಿಸಲು ನಾನು ಹಿಂಜರಿಯುತ್ತೇನೆ. ಹೊಗೆಸೊಪ್ಪಿನ ವಿಷಯದಲ್ಲಿ ಹಿಂಜರಿಕೆಯಿಲ್ಲ. ಬೀಡಿ ಸಿಗರೇಟು ಸೇದುವವರಿಗೆ ಒಂದೆರಡು ವರ್ಷ ಮುಂಚೆಯೇ ನಿಲ್ಲುತ್ತದೆ.

ಆ ಹುಡುಗಿಗೆ ಇದೆಲ್ಲವನ್ನೂ ಇಷ್ಟು ಉದ್ದ ಹೇಳಲಿಲ್ಲ. “ಈ ಅಂಕಿ ಇಟ್ಟುಕೊಂಡು ಅಳಬೇಡಮ್ಮ. ಮಕ್ಕಳು ಬೇಕು ಅಂತಿದ್ದರೆ ನಲವತ್ತರವರೆಗೆ ಕಾಯಲೂ ಬೇಡ,” ಎಂದೆ. ಆಮೇಲೆ ಖರ್ಚಿಲ್ಲದ ಪರೀಕ್ಷೆಯೊಂದು ಉಳಿದಿತ್ತು. ಮಗಳ ಕಣಜ ಎಂದು ಬರಿದಾದೀತು ಎಂಬುದಕ್ಕೆ ತಾಯಿಯ ಕಣಜ ಎಂದು ಬರಿದಾಯಿತು ಎಂಬುದೇ ಒಳ್ಳೆಯ ಸುಳಿವು. ತಾಯಿಯ ಕಡೆ ತಿರುಗಿ, “ಅಮ್ಮಾ, ನಿಮಗೆ ಮುಟ್ಟು ಯಾವಾಗ ನಿಂತಿದ್ದು?” ಎಂದು ಕೇಳಿದೆ.

ಅವರು ಮಗಳ ಮುಖ ನೋಡಿದರು. ಈ ಮಾತು ಅವರಿಬ್ಬರ ನಡುವೆ ಎಂದೂ ಬಂದಿರಲಿಲ್ಲ ಎಂದು ಕಾಣುತ್ತದೆ. “ನನಗೆ ಮೂವತ್ತೆಂಟಕ್ಕೇ ಗರ್ಭಕೋಶ ತೆಗೆಸ್ಬಿಟ್ರು ಡಾಕ್ಟ್ರಮ್ಮ. ತಾನಾಗೇ ಯಾವಾಗ ನಿಲ್ತಿತ್ತೋ ಏನೋ,” ಎಂದರು. ನಮ್ಮೂರುಗಳಲ್ಲಿ ಇಂಥ ಉತ್ತರ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, “ನಮ್ಮಕ್ಕನ್ನ ಕೇಳ್ಲಾ?” ಎಂದು ಫೋನು ಹಿಡಿದು ಹೊರಗೆ ಹೋದರು.

ಬಾಗಿಲಾಚೆ ಅವರು ಮೊದಲು ಪಿಸುಗುಟ್ಟಿದ್ದು, ಆಮೇಲೆ ಅಕ್ಕನಿಗೆ ಕೇಳಿಸದೆ ಜೋರಾಗಿ ಕೂಗಿದ್ದು, ಕೊನೆಗೆ ಇಬ್ಬರೂ ನಕ್ಕಿದ್ದು ಒಳಗೆ ಕೂತ ನಮಗೂ ಕೇಳಿಸಿತು. ಹುಡುಗಿ ಆ ದಿನ ಮೊದಲ ಸಲ ಮುಖ ಸಡಿಲಿಸಿದಳು. ತಾಯಿ ಒಳಗೆ ಬಂದು, “ಅಕ್ಕಂಗೆ ಐವತ್ತು ತುಂಬೋವರ್ಗೂ ಇತ್ತಂತೆ,” ಎಂದರು.

ಕೆಂಪಕ್ಷರದ ಆ 0.6ರ ಕೆಳಗೆ ನಾನು ನೀಲಿ ಶಾಯಿಯಲ್ಲಿ ‘ದೊಡ್ಡಮ್ಮ – 50’ ಎಂದು ಬರೆದುಕೊಂಡೆ.